ಗೆಳೆತನಕ್ಕೆ ಎಡೆಯೆಲ್ಲಿ?

ವರ್ಷ ವರ್ಷವೂ ಕಾಲೇಜು ತೆರೆದ ಹದಿನೈದು ದಿನಕ್ಕೆ ನಮ್ಮಲ್ಲಿ ಹೊಸ ವಿದ್ಯಾರ್ಥಿಗಳಿಗೊಂದು ಸ್ವಾಗತ ಸಮಾರಂಭ ನಡೆಯುತ್ತದೆ. ಪ್ರಾರ್ಥನೆ ಆಗುತ್ತದೆ, ಕೈಗೊಂದು ಗುಲಾಬಿ ಹೂ ಕೊಡುತ್ತಾರೆ, ಮೈಕು ಎರಡು ಸಲ ಕೈಕೊಡುತ್ತದೆ, ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಈ ವರ್ಷ ಬಂದಿದ್ದವರು ನಿವೃತ್ತರಾದ ಹಿರಿಯರು, ಓದಿಕೊಂಡವರು, ನಾನು ಗೌರವಿಸತಕ್ಕವರು. ಅವರು ಮಕ್ಕಳಿಗೆ ಎರಡು ಮಾತು ಹೇಳಿದರು. ಗೆಳೆಯರನ್ನು ಆರಿಸಿಕೊಳ್ಳುವಾಗ ಎಚ್ಚರವಿರಲಿ, ಬುದ್ಧಿವಂತರ ಜೊತೆ ಸೇರಿ ಎಂಬುದು ಒಂದು. ಈಗಿನವರಿಗೆ ಗೆಳೆತನವೆಂದರೇನೆಂದೇ ತಿಳಿಯದು, ನಮ್ಮ ಕಾಲದಲ್ಲಿ ಹಾಗಿರಲಿಲ್ಲ, ಎಲ್ಲವನ್ನೂ ಮೊಬೈಲು ನುಂಗಿತು ಎಂಬುದು ಇನ್ನೊಂದು. ಮಕ್ಕಳು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಕುಳಿತವನಿಗೆ ಬೇರೆ ದಾರಿಯಿಲ್ಲವಾದ್ದರಿಂದ ನಾನೂ ತಟ್ಟಿದೆ. ಆ ತಟ್ಟಿದ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಅವರು ಹೇಳಿದ ಎರಡು ಮಾತೂ ತಪ್ಪು. ಅದಕ್ಕಿಂತ ಹೆಚ್ಚಾಗಿ, ಆ ಮಾತುಗಳ ಮರೆಯಲ್ಲಿ ನಾವು, ಅಂದರೆ ಕಾಲೇಜಿನವರು, ಮಾಡುತ್ತಿರುವ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿದುಹೋಗುತ್ತದೆ.

ನಾನು ಕನ್ನಡದ ಮೇಷ್ಟ್ರು. ಕಾಲೇಜಿನಲ್ಲಿ ನಮ್ಮ ವಿಷಯಕ್ಕೆ ಅಂಥ ಗತ್ತೇನೂ ಇಲ್ಲ. ಆದರೆ ಬೇರೆ ವಿಷಯದವರಿಗೆ ಇಲ್ಲದ ಒಂದು ಭಾಗ್ಯ ನಮಗುಂಟು. ಇತಿಹಾಸ ತೆಗೆದುಕೊಂಡವರು ಒಂದು ಕಡೆ, ಮನಶ್ಶಾಸ್ತ್ರದವರು ಇನ್ನೊಂದು ಕಡೆ, ಲೆಕ್ಕಶಾಸ್ತ್ರದವರು ಮತ್ತೊಂದು ಕಡೆ ಹೀಗೆ ಹಂಚಿಹೋಗುವ ಮಕ್ಕಳು ಭಾಷೆಯ ತರಗತಿಗೆ ಬಂದಾಗ ಮಾತ್ರ ಬೆರೆತು ಕೂರುತ್ತಾರೆ. ಆದ್ದರಿಂದ ಗೆಳೆತನಗಳು ಹುಟ್ಟುವುದನ್ನೂ ಸೊರಗುವುದನ್ನೂ ಇಪ್ಪತ್ತು ವರ್ಷ ಹತ್ತಿರದಿಂದ ನೋಡಿದ್ದೇನೆ. ನೋಡಲು ವಿಶೇಷ ಬುದ್ಧಿಯೇನೂ ಬೇಡ. ಕಿವಿ ಇದ್ದರೆ ಸಾಕು. ಮೊದಲ ವಾರ ಎಲ್ಲರೂ ಎಲ್ಲರಿಗೂ 'ಬ್ರೋ'. ಹೆಸರು ತಿಳಿಯದವನನ್ನು ಕರೆಯಲು ಈ ಪೀಳಿಗೆ ಕಂಡುಕೊಂಡ ಸರ್ವನಾಮ ಅದು. ನಾವು ಓದುವಾಗ 'ಏನ್ರೀ' ಮಾಡುತ್ತಿದ್ದ ಕೆಲಸವನ್ನೇ ಅದು ಈಗ ಮಾಡುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಒಂದು ತಿಂಗಳಾದ ಮೇಲೆ ಎಲ್ಲೋ ಒಂದು ಬೆಂಚಿನಿಂದ 'ಲೋ' ಎಂಬ ಕೂಗು ಕೇಳುತ್ತದೆ. ಹುಡುಗಿಯರ ಕಡೆ 'ಕಣೇ' ಕೇಳುತ್ತದೆ. ದಸರಾ ಕಳೆಯುವ ಹೊತ್ತಿಗೆ 'ಮಗಾ' ಬಂದಿರುತ್ತದೆ. ಬಹುವಚನ ಕಳಚಿ ಏಕವಚನಕ್ಕೆ ಇಳಿಯುವುದು ಕನ್ನಡದಲ್ಲಿ ಗೆಳೆತನದ ನಾಮಕರಣ. ಅದು ತಿರುಗಿ ಮೇಲಕ್ಕೆ ಹತ್ತಿದರೆ, 'ಲೋ' ಎನ್ನುತ್ತಿದ್ದವನು ಮತ್ತೆ 'ಬ್ರೋ' ಎಂದರೆ, ಏನೋ ಆಗಿದೆ ಎಂದು ತಿಳಿಯಬೇಕು.

ಮುಖ್ಯ ಅತಿಥಿಗಳ ಮೊದಲ ಮಾತಿಗೆ ಬರುತ್ತೇನೆ. ಗೆಳೆಯರನ್ನು ಆರಿಸಿಕೊಳ್ಳಿ ಎನ್ನುತ್ತಾರೆ. ಸ್ವಾಮಿ, ಆರಿಸಿಕೊಳ್ಳುವುದಕ್ಕೆ ಅದು ಬದನೆಕಾಯಿಯೆ? ತಮ್ಮ ತಮ್ಮ ಗೆಳೆಯರನ್ನು ಓದುಗರು ಒಮ್ಮೆ ನೆನೆದು ನೋಡಲಿ. ಹೆಸರಿನ ಮೊದಲ ಅಕ್ಷರ ಒಂದೇ ಆಗಿದ್ದುದರಿಂದ ಲ್ಯಾಬಿನಲ್ಲಿ ಒಂದೇ ಮೇಜು ಸಿಕ್ಕಿತು. ಒಂದೇ ಸಿಟಿ ಬಸ್ಸು ಹತ್ತಬೇಕಾಯಿತು. ಹಾಸ್ಟೆಲಿನ ಒಂದೇ ಕೋಣೆಗೆ ವಾರ್ಡನ್ನರು ತಳ್ಳಿದರು. ಹೀಗೆ ಬಂದವರೇ ಹೆಚ್ಚು. ಗುಣ ನೋಡಿ, ನಡತೆ ತೂಗಿ ಗೆಳೆತನ ಮಾಡಿದವನನ್ನು ನಾನಂತೂ ಕಂಡಿಲ್ಲ. ಗುಣ ಗೊತ್ತಾಗುವುದೇ ಗೆಳೆತನವಾದ ಮೇಲೆ.

ಇದು ನನ್ನೊಬ್ಬನ ಅನುಭವದ ಮಾತಲ್ಲ. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಓದಲು ಹೊಸದಾಗಿ ಬಂದ 54 ವಿದ್ಯಾರ್ಥಿಗಳಿಗೆ ಮೊದಲ ದಿನ ಕೂರುವ ಜಾಗವನ್ನು ಅದೃಷ್ಟದ ಮೇಲೆ ಹಂಚಿದರು. ಒಬ್ಬರಿಗೊಬ್ಬರು ಅಪರಿಚಿತರು. ಒಂದು ವರ್ಷ ಕಳೆದು ವಿಚಾರಿಸಿದಾಗ, ಆ ಒಂದು ದಿನ ಪಕ್ಕದಲ್ಲೋ ಒಂದೇ ಸಾಲಿನಲ್ಲೋ ಕೂತಿದ್ದವರ ನಡುವೆ ಉಳಿದವರಿಗಿಂತ ಗೆಳೆತನ ಹೆಚ್ಚಾಗಿತ್ತು. 2008ರಲ್ಲಿ ಪ್ರಕಟವಾದ ಸಂಗತಿ ಇದು. ಒಂದು ದಿನದ ಕುರ್ಚಿಗೆ ಇಷ್ಟು ಶಕ್ತಿ ಇದ್ದರೆ, ಮೂರು ವರ್ಷದ ಬೆಂಚಿಗೆ ಎಷ್ಟಿರಬೇಡ! ಯಾರು ಯಾರ ಪಕ್ಕ ಕೂರಬೇಕೆಂದು ನಿಶ್ಚಯಿಸುವವರು ನಾವು. ಗೆಳೆಯರನ್ನು ಮಕ್ಕಳು ಆರಿಸುತ್ತಾರೆಂದು ಭಾಷಣ ಮಾಡಿ, ಆರಿಸುವ ಕೆಲಸವನ್ನು ನಾವು ಆಫೀಸಿನಲ್ಲಿ ಕೂತು ಮಾಡುತ್ತೇವೆ.

ಕೂರಿಸಿಬಿಟ್ಟರೆ ಮುಗಿಯಲಿಲ್ಲ, ಹೊತ್ತು ಬೇಕು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಇದರ ಲೆಕ್ಕವನ್ನೇ ಹಾಕಿದರು. ಮುಖಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ. ನಿಜವಾದ ಸ್ನೇಹವಾಗಲು 90 ಗಂಟೆಯಷ್ಟು. ಪ್ರಾಣಸ್ನೇಹಕ್ಕೆ 200 ಗಂಟೆಯ ಮೇಲೆ. ಒಟ್ಟಿಗೆ ಕೆಲಸ ಮಾಡಿದ ಹೊತ್ತು ಈ ಲೆಕ್ಕದಲ್ಲಿ ಹೆಚ್ಚು ಬೆಲೆ ಬಾಳುವುದಿಲ್ಲವಂತೆ. ಸುಮ್ಮನೆ ಹರಟಿದ, ಉಂಡ, ಅಲೆದ ಹೊತ್ತೇ ಮುಖ್ಯ. ಗೆಳೆತನವನ್ನು ಗಡಿಯಾರದಲ್ಲಿ ಅಳೆಯುವುದು ನಗೆಯ ಮಾತೆಂದು ಮೊದಲು ನನಗೂ ಅನ್ನಿಸಿತು. ಆಮೇಲೆ ನಮ್ಮ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ, ನಗೆ ನಿಂತಿತು. ನಮ್ಮಲ್ಲಿ ಊಟದ ಬಿಡುವು 40 ನಿಮಿಷ. ಶನಿವಾರ ಅರ್ಧ ದಿನವಾದರೂ ಧಾರಾಳವಾಗಿ ವಾರಕ್ಕೆ ಆರು ದಿನವೆಂದೇ ಹಿಡಿಯಿರಿ, 4 ಗಂಟೆ. ಸೆಮಿಸ್ಟರಿಗೆ 16 ವಾರ, 64 ಗಂಟೆ. ಅಂದರೆ, ದಿನವೂ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡರೂ ಸೆಮಿಸ್ಟರು ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳು ಸಾಧಾರಣ ಸ್ನೇಹದ ಹೊಸ್ತಿಲು ದಾಟಿರುತ್ತಾರೆ, ಅಷ್ಟೆ. ಹಿಂದೆ 'ಫ್ರೀ ಪೀರಿಯಡ್' ಎಂದೊಂದಿತ್ತು. ಅದನ್ನು ಕೌಶಲ್ಯ ತರಬೇತಿಗೆ ಕೊಟ್ಟೆವು. ಹೊಂಗೆಮರದ ಕೆಳಗೆ ಕಲ್ಲುಬೆಂಚುಗಳಿದ್ದವು. ಕಿತ್ತು ದ್ವಿಚಕ್ರ ವಾಹನ ನಿಲ್ಲಿಸಲು ಜಾಗ ಮಾಡಿದೆವು. ಕೊನೆಯ ತರಗತಿ ಬಿಟ್ಟ ಕಾಲು ಗಂಟೆಗೆ ಗೇಟು ಹಾಕುತ್ತೇವೆ. ಒಳಗೆ ನಿಂತವನನ್ನು ಕಾವಲುಗಾರ 'ಏನ್ ಕೆಲ್ಸ ಇಲ್ಲಿ?' ಎಂದು ಕೇಳುತ್ತಾನೆ. ಕೆಲಸವಿಲ್ಲದೆ ನಿಂತದ್ದೇ ಅವನ ಅಪರಾಧ. ಇಷ್ಟೆಲ್ಲ ಮಾಡಿ ಮೊಬೈಲಿನ ಮೇಲೆ ದೂರು ಹೊರಿಸುತ್ತೇವೆ! ನಿಲ್ಲಲು ಜಾಗವಿಲ್ಲದವರು ವಾಟ್ಸಾಪಿನೊಳಕ್ಕೆ ಹೋಗಿ ನಿಲ್ಲುತ್ತಾರೆ. ಮತ್ತೆಲ್ಲಿ ಹೋಗಬೇಕು?

ಈ ಕೊರತೆ ಮೇಲಿನವರಿಗೂ ಕಂಡಿರಬೇಕು. ಅದಕ್ಕೇ ಈಚೆಗೆ 'ಐಸ್ ಬ್ರೇಕಿಂಗ್' ಎಂಬ ಕಾರ್ಯಕ್ರಮ ಬಂದಿದೆ. ಬೆಂಗಳೂರಿನಿಂದ ತರಬೇತುದಾರರು ಬಂದು ಮಕ್ಕಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಚೆಂಡು ಎಸೆದಾಡಿಸಿ, ಪಕ್ಕದವರ ಬಗ್ಗೆ ಮೂರು ಒಳ್ಳೆಯ ಮಾತು ಹೇಳಿಸುತ್ತಾರೆ. ನಮ್ಮ ಮೈಸೂರಿನಲ್ಲಿ ಮಂಜುಗಡ್ಡೆ ಕಾಣುವುದು ಕಬ್ಬಿನಹಾಲಿನ ಗಾಡಿಯ ಮೇಲೆ ಮಾತ್ರ; ಒಡೆಯಬೇಕಾದ ಅಂಥ ಮಂಜು ಮಕ್ಕಳ ನಡುವೆ ಎಲ್ಲಿತ್ತೋ ನನಗೆ ತಿಳಿಯದು. ಎರಡು ಗಂಟೆಯ ಮೇಲೆ ಪ್ರಮಾಣಪತ್ರ, ಬಿಸ್ಕತ್ತು, ಗುಂಪು ಛಾಯಾಚಿತ್ರ. ಸಿಕ್ಕಿದ ಎರಡು ಗಂಟೆಯನ್ನು ಹಾಗೆಯೇ ಬಿಟ್ಟಿದ್ದರೆ, ಆ ಬಿಸ್ಕತ್ತಿನ ದುಡ್ಡಿಗೆ ಟೀ ಕೊಟ್ಟಿದ್ದರೆ, ನಾಲ್ಕು ಗೆಳೆತನವಾದರೂ ಹುಟ್ಟುತ್ತಿತ್ತು.

ಇನ್ನು 'ನಮ್ಮ ಕಾಲ'. ಅತಿಥಿಗಳ ಕಾಲ ನನಗೆ ಗೊತ್ತಿಲ್ಲ. ನನ್ನ ಕಾಲದ ಮಾತು ಹೇಳಬಲ್ಲೆ. 1998ರಲ್ಲಿ ನಾನು ಇದೇ ಊರಿನಲ್ಲಿ ಬಿ.ಎ.ಗೆ ಸೇರಿದೆ. ಐದು ಜನ ಗೆಳೆಯರು ನಾವು. ಒಂದೇ ತಟ್ಟೆ ಎಂದರೆ ಒಂದೇ ತಟ್ಟೆ. ಒಬ್ಬನಿಗೆ ಮನಿಯಾರ್ಡರು ತಡವಾದರೆ ನಾಲ್ವರ ಜೇಬು ಬರಿದಾಗುತ್ತಿತ್ತು. ಈಗಲೂ ಒಬ್ಬರ ಮನೆಯ ಸಾವಿಗೆ ಒಬ್ಬರು ರಾತ್ರೋರಾತ್ರಿ ಹೊರಡುತ್ತೇವೆ. ಇದನ್ನು ಹೇಳಿಕೊಂಡು ನಾನೂ ಬಹಳ ದಿನ ಬೀಗಿದ್ದೆ. ಹತ್ತು ಹನ್ನೆರಡು ವರ್ಷದ ಕೆಳಗೆ ಐವರಲ್ಲಿ ಒಬ್ಬನ ತಂಗಿಯ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ಎದುರಿಗಿದ್ದ ಯಜಮಾನರೊಬ್ಬರು ನಮ್ಮನ್ನು ನೋಡಿ, "ಎಲ್ಲಾ ನಮ್ಮೋರೇ ಅನ್ನಿ" ಎಂದು ಸಂತೋಷಪಟ್ಟರು. ಅನ್ನ ಗಂಟಲಲ್ಲಿ ನಿಂತಿತು. ನಿಜ, ಐವರೂ 'ನಮ್ಮೋರೇ'. ಏಕೆಂದರೆ ಐವರೂ ಇದ್ದದ್ದು ನಮ್ಮ ಜನಾಂಗದ ಹಾಸ್ಟೆಲಿನಲ್ಲಿ. ಆ ಹಾಸ್ಟೆಲು ಇಲ್ಲದಿದ್ದರೆ ನಾನು ಓದುತ್ತಿರಲಿಲ್ಲ. ಊರೂರಿನಲ್ಲಿ ಇಂಥ ಹಾಸ್ಟೆಲುಗಳನ್ನು ಕಟ್ಟಿಸಿದ ಪುಣ್ಯಾತ್ಮರ ಋಣ ದೊಡ್ಡದು. ಅದನ್ನು ಹಳಿದರೆ ನಾಲಗೆ ಬಿದ್ದುಹೋದೀತು. ಆದರೆ ಪ್ರಾಣಸ್ನೇಹವೆಂದು ನಾನು ಮೆರೆಸುತ್ತಿದ್ದುದನ್ನು ನನಗಾಗಿ ನನ್ನ ಅಜ್ಜನೇ ಆರಿಸಿಟ್ಟು ಹೋಗಿದ್ದ ಎಂಬುದು ಅಂದು ತಿಳಿಯಿತು. ನಮ್ಮ ತರಗತಿಯಲ್ಲಿಯೇ ಮೂರು ವರ್ಷ ಕಿಟಕಿಯ ಪಕ್ಕ ಕೂರುತ್ತಿದ್ದ, ನನಗಿಂತ ಚೆನ್ನಾಗಿ ಪದ್ಯ ಓದುತ್ತಿದ್ದ ಬೇರೆ ಕೇರಿಯ ಹುಡುಗನೊಬ್ಬನ ಮನೆ ಯಾವ ಬೀದಿಯಲ್ಲಿತ್ತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಅವನ ಹೆಸರು ನೆನಪಿದೆ, ಅಷ್ಟೆ. ಈಗಿನ ಹುಡುಗರು ಇದರಲ್ಲಿ ನಮಗಿಂತ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಪಕ್ಕಪಕ್ಕದಲ್ಲಿ ಬಿಟ್ಟರೆ ಇವರು ಬೆರೆಯುತ್ತಾರೆ. ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಉಂಡು ಬಂದವರನ್ನು ನೋಡಿದ್ದೇನೆ. ಅವರಿಗೆ ಇದನ್ನು ಯಾರೂ ಭಾಷಣ ಮಾಡಿ ಕಲಿಸಬೇಕಾಗಿಲ್ಲ.

ಅತಿಥಿಗಳು ಮಾತಿನ ನಡುವೆ ಧಾರವಾಡದ ಗೆಳೆಯರ ಗುಂಪಿನ ಹೆಸರನ್ನೂ ಎತ್ತಿದರು. ಎತ್ತಿದ್ದು ಒಳ್ಳೆಯದೇ ಆಯಿತು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಆ ಗುಂಪಿಗೆ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿನಾಯಕ ಗೋಕಾಕರು ಬಂದರು. ಬೇಂದ್ರೆ ಹುಟ್ಟಿದ್ದು 1896ರಲ್ಲಿ, ಗೋಕಾಕರು 1909ರಲ್ಲಿ. 13 ವರ್ಷದ ಅಂತರ. ಈಗಿನ ನಮ್ಮ ವ್ಯವಸ್ಥೆಯಲ್ಲಿ ಅವರಿಬ್ಬರು ಎದುರಾಗುವುದೇ ಕಷ್ಟ. 'ಜಯ ಕರ್ನಾಟಕ'ದ ಬರಹಗಳೂ ಹಾಡೂ ಜಗಳವೂ ಆ ಕೂಟದಿಂದ ಹೊರಟವು. ಮುಂದೆ ಒಬ್ಬರಿಗೆ 1973ರ, ಇನ್ನೊಬ್ಬರಿಗೆ 1990ರ ಜ್ಞಾನಪೀಠ ಬಂತು. ಆ ಗುಂಪನ್ನು ಅಂಕ ನೋಡಿ ಯಾವ ಸಮಿತಿಯೂ ಕಟ್ಟಿರಲಿಲ್ಲ. ನಮ್ಮಲ್ಲಿ ಈಗ ಯಾರಾದರೂ ಹಾಗೆ ಸೇರಿದರೆ ಕಾವಲುಗಾರ ಚದುರಿಸುತ್ತಾನೆ.

ಗೆಳೆತನಗಳು ಮಾಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೇ ಹೈಸ್ಕೂಲಿನಿಂದ ಗುಂಪಾಗಿ ಬಂದವರು ದಸರಾದ ಹೊತ್ತಿಗೆ ಚದುರುತ್ತಾರೆ. ಮೊದಲ ವಾರ ಕೈಹಿಡಿದುಕೊಂಡೇ ಓಡಾಡುತ್ತಿದ್ದ ಇಬ್ಬರು ಹುಡುಗಿಯರು ಎರಡನೆಯ ತಿಂಗಳು ಬೇರೆ ಬೇರೆ ಬೆಂಚಿನಲ್ಲಿ ಸುಖವಾಗಿರುತ್ತಾರೆ. ಅಪರಿಚಿತ ಜಾಗದಲ್ಲಿ ಹೆದರಿಕೆಯಿಂದ ಹಿಡಿದ ಕೈಗಳು ಅವು. ಹೆದರಿಕೆ ಹೋದ ಮೇಲೆ ಬಿಟ್ಟವು. ಇದಕ್ಕಾಗಿ ಅವರು ಕೊರಗಬೇಕಾಗಿಲ್ಲ. ಮೇಷ್ಟ್ರು ಕರೆದು ಬುದ್ಧಿ ಹೇಳಬೇಕಾಗಿಯೂ ಇಲ್ಲ. ತಾನಾಗಿ ಉದುರುವ ಎಲೆ ಬೇರೆ, ಕತ್ತರಿ ಹಾಕಿದ ಚಿಗುರು ಬೇರೆ. ನನ್ನ ತಕರಾರು ಕತ್ತರಿಯ ಮೇಲೆ. ಆ ಕತ್ತರಿ ಹಿಡಿದವರಲ್ಲಿ ನಾನೂ ಒಬ್ಬ.

2023ರಲ್ಲಿ ಬಿ.ಕಾಂ.ಗೆ ಸೇರಿದ ಇಬ್ಬರು ಹುಡುಗರ ಮಾತು. ಒಬ್ಬ ಹನೂರಿನ ಕಡೆಯ ಹಳ್ಳಿಯವನು, ಪಿ.ಯು.ಸಿ. ತನಕ ಕನ್ನಡದಲ್ಲಿ ಓದಿದವನು. ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದವನು. ಇನ್ನೊಬ್ಬ ಇಲ್ಲಿಯವನೇ, ತಂದೆ ಬ್ಯಾಂಕಿನಲ್ಲಿ, ಇಂಗ್ಲಿಷ್ ಸ್ಕೂಲು, ಕನ್ನಡ ತರಗತಿಗೆ ಬಂದು ಪೆನ್ನಿನ ಮುಚ್ಚಳ ಕಚ್ಚುತ್ತ ಕೂರುವವನು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದರ ಕೆಳಗೊಂದು ಇದ್ದುದರಿಂದ ಮೂರನೆಯ ಬೆಂಚಿನಲ್ಲಿ ಜೊತೆಯಾದರು. ಪೇಟೆಯವನು ಹಳ್ಳಿಯವನಿಗೆ ಜಮಾ-ಖರ್ಚಿನ ಲೆಕ್ಕವನ್ನು ಇಂಗ್ಲಿಷಿನಿಂದ ಬಿಡಿಸಿ ಹೇಳುತ್ತಿದ್ದ. ಹಳ್ಳಿಯವನು ಪೇಟೆಯವನಿಗೆ ಹಳಗನ್ನಡವನ್ನು ಬಿಡಿಸಿ ಹೇಳುತ್ತಿದ್ದ, ಅದೂ ನನ್ನ ತರಗತಿ ನಡೆಯುತ್ತಿದ್ದಾಗಲೇ, ನನಗಿಂತ ಚೆನ್ನಾಗಿ. ದೀಪಾವಳಿಗೆ ಮುಂಚೆ ಇಬ್ಬರೂ ರಜೆಯ ಅರ್ಜಿ ಹಿಡಿದು ಬಂದರು. ಮಾದಪ್ಪನ ಬೆಟ್ಟದ ಜಾತ್ರೆಗೆ ತಾಳಬೆಟ್ಟದಿಂದ ನಡೆದು ಹತ್ತಬೇಕಂತೆ.

"ಅವನದು ಹರಕೆ ಇರಬಹುದಪ್ಪ, ನಿನ್ನದೇನು?" ಎಂದೆ ಪೇಟೆಯವನಿಗೆ.

"ಏನಿಲ್ಲ ಸರ್. ಇವನು ಕರೀತಿದಾನೆ."

"ಸರ್, ಇವ್ನು ಅರ್ಧ ದಾರೀಲೇ ಕುಂತ್ಕತಾನೆ, ನಾನೇ ಹೊತ್ಕಬೇಕು," ಎಂದ ಇನ್ನೊಬ್ಬ. ನಾನು ರುಜು ಹಾಕಿದೆ.

ಸೆಮಿಸ್ಟರು ಮುಗಿಯಿತು. ಫಲಿತಾಂಶ ಸುಧಾರಿಸಬೇಕೆಂದು ಸಭೆ ಸೇರಿತು. ಶೇಕಡಾ 60ಕ್ಕೆ ಮೇಲ್ಪಟ್ಟವರದು 'ಎ' ಸೆಕ್ಷನ್, ಉಳಿದವರದು 'ಬಿ' ಎಂದು ತೀರ್ಮಾನವಾಯಿತು. ಬುದ್ಧಿವಂತರಿಗೆ ವೇಗವಾಗಿ ಪಾಠ, ನಿಧಾನಿಗಳಿಗೆ ನಿಧಾನವಾಗಿ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಪಟ್ಟಿ ತಯಾರಿಸುವ ಕೆಲಸ ನನಗೆ ಬಿತ್ತು. ಕನ್ನಡ ಮೇಷ್ಟ್ರಿಗೆ ಬಿಡುವು ಹೆಚ್ಚು ಎಂಬ ನಂಬಿಕೆ. ಪೇಟೆಯವನು ಎ, ಹಳ್ಳಿಯವನು ಬಿ. ನೂರ ನಲವತ್ತು ಹೆಸರನ್ನು ಎರಡು ಹಾಳೆಗೆ ಹಂಚುವಾಗ ಈ ಇಬ್ಬರು ನನ್ನ ಕಣ್ಣಿಗೆ ಬಿದ್ದರು. ಬಿದ್ದರೂ ಕೆಳಗೆ ರುಜು ಹಾಕಿದೆ. ಕೊಠಡಿ ಸಾಲದೆ ಬಿ ಸೆಕ್ಷನ್ನಿಗೆ ಊಟದ ಬಿಡುವು 12-20ಕ್ಕೆ, ಎ ಸೆಕ್ಷನ್ನಿಗೆ 1-10ಕ್ಕೆ ಆಯಿತು. ಮೊದಮೊದಲು ಹಳ್ಳಿಯವನು ಒಂದು ತರಗತಿ ತಪ್ಪಿಸಿಕೊಂಡು ಡಬ್ಬಿ ಹೊತ್ತಿಗೆ ಕಾದು ನಿಲ್ಲುತ್ತಿದ್ದ. ಹಾಜರಿ ಕಡಿಮೆಯಾಯಿತೆಂದು ಎಚ್ಚರಿಕೆ ಹೋಯಿತು, ಕಾಯುವುದು ನಿಂತಿತು. ಬೇಸಗೆಯಲ್ಲಿ ಒಂದು ದಿನ ಮೆಟ್ಟಿಲಿನ ಹತ್ತಿರ ಇಬ್ಬರೂ ಎದುರಾದದ್ದನ್ನು ನಾನು ಕಂಡೆ. "ಏನ್ ಬ್ರೋ," ಎಂದ ಪೇಟೆಯವನು. "ಚೆನ್ನಾಗಿದೀನಿ ಬ್ರೋ," ಎಂದ ಹಳ್ಳಿಯವನು.

ಮೂರನೆಯ ಸೆಮಿಸ್ಟರಿನ ನಡುವೆ ಅವನು ಬರುವುದನ್ನು ಬಿಟ್ಟ. ಪೇಟೆಯವನನ್ನು ಕೇಳಿದೆ. "ಗೊತ್ತಿಲ್ಲ ಸರ್, ನಂಬರ್ ಚೇಂಜ್ ಮಾಡಿದಾನೆ ಅನ್ಸುತ್ತೆ," ಎಂದು ನೆಲ ನೋಡಿದ. ನಂಜನಗೂಡಿನ ಕಡೆ ಯಾವುದೋ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಸಾಲವಿತ್ತು. ಗೆಳೆಯ ಪಕ್ಕದಲ್ಲಿದ್ದಿದ್ದರೆ ಉಳಿಯುತ್ತಿದ್ದನೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವನು ಬಾರದ ಮೊದಲ ದಿನ, ಎರಡನೆಯ ದಿನ, ಮೂರನೆಯ ದಿನ "ಯಾಕೋ ಬರ್ಲಿಲ್ಲ?" ಎಂದು ಕೇಳುವ ಒಂದು ಬಾಯಿ ಈ ಕಾಲೇಜಿನಲ್ಲಿ ಇರಲಿಲ್ಲ. ಗೈರುಹಾಜರಿಯನ್ನು ಗುರುತಿಸಿದ್ದು ಒಂದು ತಂತ್ರಾಂಶ. ಅದು ಅವನ ತಂದೆಯ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿತು. ಆ ತಂದೆಗೆ ಕನ್ನಡ ಓದುವುದೂ ಕಷ್ಟ.

ಪಂಪನನ್ನು ಪಾಠ ಹೇಳುವಾಗ ದ್ರೋಣ-ದ್ರುಪದರ ಪ್ರಸಂಗ ಬರುತ್ತದೆ. ಒಬ್ಬ ಗುರುವಿನ ಹತ್ತಿರ ಕೂಡಿ ಕಲಿತ ಇಬ್ಬರು. ಒಬ್ಬ ರಾಜನಾದ, ಒಬ್ಬ ಬಡವನಾಗಿಯೇ ಉಳಿದ. ಹಳೆಯ ಸಲಿಗೆಯನ್ನು ನಂಬಿ ಬಂದವನಿಗೆ, ಗೆಳೆತನವೆಂಬುದು ಸಮಾನರಲ್ಲಿ ಮಾತ್ರ ಎಂದು ಅರಸನಾದವನು ಹೇಳಿದ್ದನ್ನು ವ್ಯಾಸರೂ ಹೇಳುತ್ತಾರೆ. ಪಂಪ ಆ ಸಿರಿಯ ಸೊಕ್ಕನ್ನು ಇನ್ನಷ್ಟು ಉರಿಯುವಂತೆ ಬರೆದಿದ್ದಾನೆ. ಆ ಪದ್ಯಗಳನ್ನು ಓದಿ ದ್ರುಪದನನ್ನು ಬೈಯದ ಮೇಷ್ಟ್ರಿಲ್ಲ. ನಾನೂ ವರ್ಷ ವರ್ಷ ಬೈದಿದ್ದೇನೆ. ಬೈದು, ಕೈಯ ಸುಣ್ಣ ಒರೆಸಿಕೊಂಡು, ಸ್ಟಾಫ್ ರೂಮಿಗೆ ಬಂದು ಅದೇ ದ್ರುಪದನ ವಾದಕ್ಕೆ ರುಜು ಹಾಕಿದ್ದೇನೆ. ದ್ರುಪದನಾದರೂ ತನ್ನ ಗೆಳೆಯನೊಬ್ಬನನ್ನು ತಾನೇ ಹೊರಗಟ್ಟಿದ, ಪಾಪವೂ ಅವನದೇ. ಇಲ್ಲಿ ಆ ಪೇಟೆಯ ಹುಡುಗ ದ್ರುಪದನಾಗಬೇಕೆಂದು ಬಯಸಿರಲಿಲ್ಲ. ನಾವು ನೋಟೀಸು ಬೋರ್ಡಿನಲ್ಲಿ ಅವನನ್ನು ದ್ರುಪದನನ್ನಾಗಿ ಮಾಡಿದೆವು.

ಆಕ್ಷೇಪಣೆಗಳು ನನಗೆ ಗೊತ್ತು. ಎ ಸೆಕ್ಷನ್ನಿನ ಫಲಿತಾಂಶ ಚೆನ್ನಾಗಿ ಬಂತಲ್ಲ ಎನ್ನುತ್ತಾರೆ. ಬರದೆ? ಪಾಸಾಗುವವರನ್ನೇ ಹೆಕ್ಕಿ ಒಂದು ಕೋಣೆಯಲ್ಲಿ ಕೂರಿಸಿ, ಇಲ್ಲಿ ಎಲ್ಲರೂ ಪಾಸು ಎಂದು ಹಿಗ್ಗಿದ ಹಾಗೆ ಅದು. ಪೋಷಕರು ಬಂದು, ಖಾಲಿ ಹೊತ್ತು ಕೊಟ್ಟರೆ ಕೆಟ್ಟ ಸಹವಾಸವಾಗುತ್ತದೆ ಸಾರ್ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಗಾಂಜಾದ ಸುದ್ದಿ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಸಲಿಗೆಯ ಹೆಸರಿನಲ್ಲಿ ಹಿರಿಯ ವಿದ್ಯಾರ್ಥಿಗಳು ಮಾಡುತ್ತಿದ್ದ ರ‍್ಯಾಗಿಂಗ್ ಹಿಂಸೆಗೆ ಕಾನೂನು ಬಂದದ್ದು, 2009ರಲ್ಲಿ ಯು.ಜಿ.ಸಿ. ನಿಯಮ ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಕೆಟ್ಟ ಸಹವಾಸ ಹಗಲು ಹನ್ನೊಂದು ಗಂಟೆಗೆ ಹೊಂಗೆಮರದ ಕೆಳಗೆ, ಮೇಷ್ಟ್ರ ಕಣ್ಣೆದುರಿಗೆ ಆಗುವುದಿಲ್ಲ. ಒಂಟಿಯಾದವನನ್ನು ಅದು ಬೇರೆ ಕಡೆ ಹುಡುಕಿಕೊಂಡು ಬರುತ್ತದೆ. ಇನ್ನು ಹುಡುಗ-ಹುಡುಗಿ ಮಾತಾಡಿಯಾರು ಎಂಬ ಭಯ. ಅವರು ಮಾತಾಡಲಿ. ನಾಳೆ ಒಂದೇ ಆಫೀಸಿನಲ್ಲಿ ಕೂತು ಕೆಲಸ ಮಾಡಬೇಕಾದವರು ಇಂದು ಒಂದು ಪುಸ್ತಕ ಕೇಳಿ ಪಡೆಯಲು ಮೂರನೆಯವರ ಮಧ್ಯಸ್ಥಿಕೆ ಹುಡುಕುವುದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ.

ಹುಡುಗಿಯರ ಮಾತು ಬಂದದ್ದರಿಂದ ಒಂದು ಸಂತೋಷದ ಸಂಗತಿ ಹೇಳಬೇಕು. ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಕಾಲೇಜಿನೊಳಗೆ ಹೊತ್ತೇ ಇರಲಿಲ್ಲ. ಕೊನೆಯ ಗಂಟೆಯಾಗುತ್ತಲೇ ಬಸ್ಸಿಗೆ ಓಡಬೇಕು. ಪಾಸು ಒಂದೇ ದಾರಿಗೆ. ಗೆಳತಿಯ ಊರು ಎಂಟು ಮೈಲಿ ಆಚೆ ಇದ್ದರೂ ಮೂರು ವರ್ಷದಲ್ಲಿ ಒಮ್ಮೆಯೂ ನೋಡದೆ ಉಳಿದವರುಂಟು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಅದರ ರಾಜಕೀಯ ಲಾಭನಷ್ಟವನ್ನು ಬಲ್ಲವರು ಚರ್ಚಿಸಲಿ. ನನ್ನ ತರಗತಿಯಲ್ಲಿ ಆದದ್ದು ಇಷ್ಟು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಎಂದು ಹುಡುಗಿಯರು ನಿಲ್ದಾಣದಲ್ಲಿ ನಿಂತು ಹರಟಲು ಕಲಿತರು. ಗೆಳತಿಯ ಊರಿನ ಹಬ್ಬಕ್ಕೆ ಹೋಗಿ ಮಾರನೆಯ ದಿನ ಇಬ್ಬರೂ ಒಟ್ಟಿಗೆ ಕಾಲೇಜಿಗೆ ಬಂದರು. ಕಳೆದ ವರ್ಷ ಒಬ್ಬಳು ಜ್ವರ ಬಂದು ಒಂದು ವಾರ ಬಾರದಿದ್ದಾಗ, ನಾಲ್ವರು ಹುಡುಗಿಯರು ನೋಟ್ಸು ಹಿಡಿದುಕೊಂಡು ಟಿ. ನರಸೀಪುರದ ಆಚೆಯ ಅವಳ ಹಳ್ಳಿಗೇ ಹೋಗಿಬಂದರು. ಗೆಳೆತನಕ್ಕೆಂದು ನಾವು ಮಾಡಿದ ಯಾವ ಕಾರ್ಯಕ್ರಮದಿಂದಲೂ ಆಗದ್ದು, ಗೆಳೆತನವನ್ನು ಕನಸಿನಲ್ಲೂ ನೆನೆಯದೆ ಮಾಡಿದ ಯೋಜನೆಯಿಂದ ಆಯಿತು. ಹೊತ್ತೂ ದಾರಿಯೂ ಸಿಕ್ಕಿತು. ಮಿಕ್ಕದ್ದನ್ನು ಅವರೇ ಮಾಡಿಕೊಂಡರು.

2021ರಲ್ಲಿ ಪದವಿಗೆ ನಾಲ್ಕು ವರ್ಷ ಬಂತು. 2024ರಲ್ಲಿ ತಿರುಗಿ ಮೂರು ವರ್ಷವಾಯಿತು. ವಿಷಯಗಳು ಬಂದವು, ಹೋದವು. ಅಂಕದ ಲೆಕ್ಕ ಬದಲಾಯಿತು. ಇದಕ್ಕಾಗಿ ನಾವು ಎಷ್ಟು ಸಭೆ ನಡೆಸಿದೆವೋ ಲೆಕ್ಕವಿಲ್ಲ. ಯಾವ ಸಭೆಯಲ್ಲಿಯೂ, ಈ ಮಗು ಯಾರ ಪಕ್ಕ ಕೂರುತ್ತದೆ, ಎಷ್ಟು ದಿನ ಕೂರುತ್ತದೆ, ಯಾವ ಹೊತ್ತಿನಲ್ಲಿ ಮಾತಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಒಮ್ಮೆ ಮಾಡಿದ ಸೆಕ್ಷನ್ನನ್ನು ಪದವಿ ಮುಗಿಯುವ ತನಕ ಒಡೆಯಬೇಡಿ. ಅಂಕದ ಮೇಲೆ, ಓದಿದ ಮಾಧ್ಯಮದ ಮೇಲೆ ಮಕ್ಕಳನ್ನು ಬೇರ್ಪಡಿಸಬೇಡಿ. ಹಿಂದೆ ಬಿದ್ದವರಿಗೆ ಸಂಜೆ ಒಂದು ಗಂಟೆ ಹೆಚ್ಚಿಗೆ ಪಾಠ ಬೇಕಾದರೆ ನಾನು ಸಂಬಳ ಕೇಳದೆ ಬರುತ್ತೇನೆ. ದಿನಕ್ಕೊಂದು ಗಂಟೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಬಿಡುವು ಕೊಡಿ. ಆ ಕಲ್ಲುಬೆಂಚುಗಳು ಹಿಂದಿನ ಷೆಡ್ಡಿನಲ್ಲಿ ಒಂದರ ಮೇಲೊಂದು ಬಿದ್ದಿವೆ. ಒಡೆದಿಲ್ಲ, ನಾನು ಹೋಗಿ ನೋಡಿಬಂದಿದ್ದೇನೆ. ವಾಹನಗಳನ್ನು ಮೈದಾನದ ಅಂಚಿಗೆ ಕಳಿಸಿದರೆ ಅವಕ್ಕೆ ಜಾಗವಾಗುತ್ತದೆ.

ಈ ವರ್ಷ ಮೊದಲ ದಿನವೇ ನನ್ನ ತರಗತಿಯಲ್ಲಿ ಊಟದ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದೆ. ಬಂದ ಸಂಖ್ಯೆಯ ಜಾಗದಲ್ಲಿ ಕೂರಬೇಕು. ಮಕ್ಕಳು ಮುಖ ಹುಳ್ಳಗೆ ಮಾಡಿದರು. ಚೀಟಿಗೆಲ್ಲ ಚಿತ್ರಾನ್ನದ ವಾಸನೆ ಎಂದು ಒಬ್ಬಳು ದೂರು ಹೇಳಿದಳು. ಮೂರನೆಯ ವಾರದಲ್ಲಿ ಹಿಂದಿನ ಬೆಂಚಿನಿಂದ ಮೊದಲ 'ಲೋ' ಕೇಳಿಸಿತು. ಪಾಠ ನಿಲ್ಲಿಸಬೇಕೆನ್ನಿಸಿತು, ನಿಲ್ಲಿಸಲಿಲ್ಲ. ಆ ವಾರವೇ ಸ್ಟಾಫ್ರೂಮಿನಲ್ಲಿ ಹೊಸ ಸಲಹೆಯೊಂದು ಬಂತು: ಒಂದು ಸೆಮಿಸ್ಟರು ಕಾಯುವುದೇಕೆ, ಪಿ.ಯು.ಸಿ. ಅಂಕದ ಮೇಲೆ ಈಗಲೇ ಎ, ಬಿ ಮಾಡಿಬಿಡೋಣ ಎಂದು. ಪಟ್ಟಿಯನ್ನು ಆಫೀಸಿನವರೇ ತಯಾರಿಸಿ, ರುಜುವಿಗೆಂದು ನನ್ನ ಕೈಗೆ ಕೊಟ್ಟಿದ್ದಾರೆ. ಸೋಮವಾರ ಸಭೆ. 'ಲೋ' ಎಂದವನ ಹೆಸರು ಒಂದು ಹಾಳೆಯಲ್ಲಿದೆ, ಅನ್ನಿಸಿಕೊಂಡವನ ಹೆಸರು ಇನ್ನೊಂದರಲ್ಲಿದೆ. ಎರಡು ಹಾಳೆಯೂ ನನ್ನ ಚೀಲದಲ್ಲಿವೆ. ರುಜು ಹಾಕಿಲ್ಲ, ಹಾಕುವುದಿಲ್ಲವೆಂದು ಪ್ರಾಂಶುಪಾಲರಿಗೆ ಹೇಳಿಕಳಿಸಿದ್ದೇನೆ.